ಆಗಸ್ಟ್ ಆರು, ಜಮೈಕಾ ಹಾಡು, ನನ್ನದೊಂದು ತಕರಾರು

ಪ್ರತಿ ವರ್ಷ ಆಗಸ್ಟ್ 6ರ ಸಂಜೆ ನಮ್ಮ ಮನೆಯಲ್ಲಿ ಜಮೈಕಾದ ಸ್ವಾತಂತ್ರ್ಯ ದಿನಾಚರಣೆ. ಬಾವುಟ ಇಲ್ಲ, ಭಾಷಣ ಇಲ್ಲ, ಲಾಡು ಹಂಚೋದೂ ಇಲ್ಲ. ಕೆಲಸ ಮುಗಿಸಿ ಬಂದು ಕಾಫಿ ಕುಡಿದು, ಫೋನನ್ನು ಸ್ಪೀಕರ್‌ಗೆ ಜೋಡಿಸಿ, 1962ರಿಂದ ಶುರು ಮಾಡಿ ಒಂದೊಂದೇ ಹಾಡು ಹಾಕುತ್ತಾ ಹೋಗುತ್ತೇನೆ. ಮೊದಲೆರಡು ವರ್ಷ ಹೆಂಡತಿ "ಇದ್ಯಾವ ಹುಚ್ಚು ನಿಮ್ದು" ಅಂದಳು. ಈಗ ಅಡುಗೆಮನೆಯಿಂದಲೇ "ಆ ಮದುವೆಮನೆ ಹಾಡು ಬಂದಾಗ ಸೌಂಡ್ ಜಾಸ್ತಿ ಮಾಡಿ" ಅನ್ನುತ್ತಾಳೆ.

ಜಮೈಕಾನೇ ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ಮೊದಲ ಕಾರಣ ಕ್ರಿಕೆಟ್. ಅಪ್ಪನಿಗೆ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಅಂದರೆ 1976ರ ಸಬೀನಾ ಪಾರ್ಕ್: ನಮ್ಮ ವಿಶಿ ಬೆರಳು ಮುರಿದುಕೊಂಡ, ಬ್ರಿಜೇಶ್ ಪಟೇಲ್ ಬಾಯಿಗೆ ಚೆಂಡಿನೇಟು ತಿಂದ ಮೈದಾನ. ಆ ಬಾಕಿಯನ್ನು ಆಮೇಲೆ ಅದೇ ಜಮೈಕಾದ ಕ್ರಿಸ್ ಗೇಲ್ ಚಿನ್ನಸ್ವಾಮಿಯಲ್ಲಿ ಬಡ್ಡಿ ಸಮೇತ ತೀರಿಸಿದ, ಬಿಡಿ. ಎರಡನೇ ಕಾರಣ ಹಾಸ್ಟೆಲ್. ಅಲ್ಲಿ ಪ್ರತಿ ಮೂರನೆಯವನ ಟೀ ಶರ್ಟ್ ಮೇಲೂ ಬಾಬ್ ಮಾರ್ಲಿ ಇದ್ದ, ಹಾಡು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಹಾಡು ಹುಡುಕುತ್ತಾ ಹೋದವನಿಗೆ ಮಾರ್ಲಿಗಿಂತ ಹಿಂದಿನ ಒಂದು ಇಡೀ ಲೋಕ ಸಿಕ್ಕಿತು. ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು ದೊಡ್ಡ ದ್ವೀಪ ಅದು. ಅಷ್ಟು ಜಾಗದಿಂದ ಇಷ್ಟು ಹಾಡು ಹೇಗೆ ಹೊರಟಿತು ಅನ್ನೋದು ನನಗೆ ಇವತ್ತಿಗೂ ಸೋಜಿಗ.

1962ರ ಆಗಸ್ಟ್ 5ರ ನಡುರಾತ್ರಿ ಕಿಂಗ್‌ಸ್ಟನ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ ಬ್ರಿಟಿಷ್ ಬಾವುಟ ಇಳಿದು, ಕಪ್ಪು, ಹಸಿರು, ಹೊಂಬಣ್ಣದ ಬಾವುಟ ಏರಿತು. ರಾಜಕುಮಾರಿ ಮಾರ್ಗರೆಟ್ ಬಂದಿದ್ದರು, ಅಮೆರಿಕದಿಂದ ಲಿಂಡನ್ ಜಾನ್ಸನ್ ಬಂದಿದ್ದರು. ಈ ಸ್ಟೇಡಿಯಂ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಆ ವರ್ಷದ ಎರಡು ಹಾಡು ನನ್ನ ಪಟ್ಟಿಯಲ್ಲಿ ಖಾಯಂ. ಒಂದು ಲಾರ್ಡ್ ಕ್ರಿಯೇಟರ್ ಹಾಡಿದ ಕ್ಯಾಲಿಪ್ಸೊ, ಅಂದರೆ ಊರ ಸುದ್ದಿಯನ್ನು ಹಾಡಿ ಹೇಳುವ ಕೆರಿಬಿಯನ್ ದ್ವೀಪಗಳ ಹಾಡು. ಮ್ಯಾನ್ಲಿ ಮತ್ತು ಬುಸ್ಟಮಾಂಟೆ ಇಬ್ಬರೂ ಇಂಗ್ಲೆಂಡಿಗೆ ಹೋಗಿ ಸ್ವಾತಂತ್ರ್ಯದ ಮಾತುಕತೆ ನಡೆಸಿದ್ದನ್ನು ವರದಿಗಾರನ ಹಾಗೆ ಹೇಳುತ್ತಾ ಹೋಗುತ್ತಾನೆ. ಅವರಿಬ್ಬರೂ ಸೋದರಸಂಬಂಧಿಗಳು, ಎದುರು ಪಕ್ಷಗಳ ನಾಯಕರು. ತಮಾಷೆ ಏನು ಗೊತ್ತಾ? ಜಮೈಕಾದ ಸ್ವಾತಂತ್ರ್ಯವನ್ನು ಹಾಡಿ ಹೊಗಳಿದ ಈ ಪುಣ್ಯಾತ್ಮ ಜಮೈಕಾದವನೇ ಅಲ್ಲ, ಟ್ರಿನಿಡಾಡ್‌ನವನು. ಹಿಂದಿನ ವರ್ಷವಷ್ಟೇ ಜಮೈಕಾ ಜನಮತಗಣನೆ ನಡೆಸಿ ವೆಸ್ಟ್ ಇಂಡೀಸ್ ಒಕ್ಕೂಟದಿಂದ ಹೊರಗೆ ಬಂದಿತ್ತು, ಅದರ ಹಿಂದೆಯೇ ಟ್ರಿನಿಡಾಡ್ ಕೂಡ. ಒಕ್ಕೂಟ ಮುರಿದುಬಿತ್ತು, ಕ್ರಿಕೆಟ್ ಟೀಮ್ ಉಳಿಯಿತು, ಈ ಹಾಡೂ ಉಳಿಯಿತು.

ಇನ್ನೊಂದು ಡೆರಿಕ್ ಮಾರ್ಗನ್‌ನ 'ಫಾರ್ವರ್ಡ್ ಮಾರ್ಚ್'. ಇದು ಸ್ಕಾ. ಸ್ಕಾ ಅಂದರೇನು ಅಂತ ವಿವರಿಸೋಕೆ ನನಗೆ ನನ್ನ ಮಗಳೇ ಬೇಕಾಯಿತು. ಅವಳು ಸಂಗೀತ ಪಾಠಕ್ಕೆ ಹೋಗುತ್ತಾಳೆ. ಹೋದ ವರ್ಷ ಪಕ್ಕದಲ್ಲಿ ಕೂತು ಈ ಹಾಡಿಗೆ ಶ್ರದ್ಧೆಯಿಂದ ತೊಡೆ ಮೇಲೆ ತಾಳ ಹಾಕಲು ಹೋದಳು. ಅರ್ಧ ನಿಮಿಷಕ್ಕೆ ಸಿಟ್ಟು ಬಂತು. "ಅಪ್ಪಾ, ಇವ್ರು ತಪ್ಪಾಗಿ ನುಡಿಸ್ತಿದಾರೆ." ಏನಾಗಿತ್ತು ಅಂದರೆ, ಅವಳ ಕೈ ತೊಡೆ ಮೇಲೆ ಬಿದ್ದಾಗ ಗಿಟಾರ್ ಸುಮ್ಮನಿರುತ್ತಿತ್ತು, ಕೈ ಮೇಲೆದ್ದಾಗ 'ಚಕ್' ಅನ್ನುತ್ತಿತ್ತು. ಮತ್ತೆ ಬಿದ್ದಾಗ ಮೌನ, ಎದ್ದಾಗ 'ಚಕ್'. ಅಷ್ಟೇ ಸ್ಕಾ. ಮುಂದೆ ಅದೇ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು, ಇನ್ನೂ ಭಾರವಾಗಿ ರೆಗ್ಗೇ ಆಯಿತು. ಪೆಟ್ಟು ಬೀಳದ ಜಾಗದಲ್ಲಿ ಶಬ್ದ ಮಾಡುವ ಆ ಚಾಳಿ ಮಾತ್ರ ಹೋಗಲಿಲ್ಲ.

'ಫಾರ್ವರ್ಡ್ ಮಾರ್ಚ್' ಕೇಳೋಕೆ ಅಪ್ಪಟ ದೇಶಭಕ್ತಿ ಗೀತೆ. ಎಲ್ಲರೂ ಅಣ್ಣತಮ್ಮ ಅಕ್ಕತಂಗಿಯರ ಹಾಗೆ ಒಟ್ಟಾಗೋಣ, ನಾವೀಗ ಸ್ವತಂತ್ರರು ಅನ್ನೋ ಧಾಟಿ. ಆದರೆ ಇದು ಹುಟ್ಟುಹಾಕಿದ್ದು ದೊಡ್ಡ ಜಗಳ. ಹಾಡಿನ ನಡುವೆ ಒಂದು ಸ್ಯಾಕ್ಸೊಫೋನ್ ತುಣುಕು ಬರುತ್ತದೆ. ಅದು ನನ್ನ ಹಾಡಿನಿಂದ ಕದ್ದದ್ದು ಅಂತ ಇನ್ನೊಬ್ಬ ಗಾಯಕ ಪ್ರಿನ್ಸ್ ಬಸ್ಟರ್ ಎಗರಿಬಿದ್ದ. ಮಾರ್ಗನ್ ಮೊದಲು ಬಸ್ಟರ್ ಜೊತೆ ಇದ್ದವನು, ಆಮೇಲೆ ಚೀನೀ ಮೂಲದ ಲೆಸ್ಲಿ ಕಾಂಗ್ ಅನ್ನೋ ನಿರ್ಮಾಪಕನ ಕಡೆ ಹೋದವನು. ಆ ಹೊಟ್ಟೆಯುರಿಯೂ ಸೇರಿಕೊಂಡಿತ್ತು. ಬಸ್ಟರ್ ಬೈದು ಒಂದು ರೆಕಾರ್ಡ್ ಬಿಟ್ಟ, ಮಾರ್ಗನ್ ಉತ್ತರವಾಗಿ ಇನ್ನೊಂದು ಬಿಟ್ಟ, ಇವನು ಮತ್ತೊಂದು. ಅಭಿಮಾನಿಗಳು ಬೀದಿಯಲ್ಲಿ ಬಡಿದಾಡಿಕೊಂಡರು. ಕೊನೆಗೆ ಸರ್ಕಾರವೇ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಒಗ್ಗಟ್ಟಿನ ಹಾಡಿಗೆ ಹೊಡೆದಾಟ! ಇದರಲ್ಲಿ ಬಸ್ಟರ್‌ನ ಮಾತು ಜನಾಂಗದ ಹೀಯಾಳಿಕೆಗೂ ಇಳಿಯಿತು ಅನ್ನೋದನ್ನು ಮುಚ್ಚಿಡಬಾರದು. 'ಹಲವರಿಂದ ಒಂದೇ ಜನ' ಅನ್ನೋದು ಆ ದೇಶದ ಧ್ಯೇಯವಾಕ್ಯ. ಅದರ ಮೊದಲ ವರ್ಷದ ಪರೀಕ್ಷೆ ಹೀಗಿತ್ತು.

ಇಲ್ಲಿಂದ ನನ್ನ ತಕರಾರು ಶುರು. ದೇಶದ ಹುಟ್ಟುಹಬ್ಬಕ್ಕೆ ಹಾಡು ಆರಿಸುವಾಗ ಎಲ್ಲ ಕಡೆಯೂ ದೇಶದ ಹೆಸರೆತ್ತಿ ಹೊಗಳುವ ಹಾಡುಗಳನ್ನೇ ಆರಿಸುತ್ತಾರೆ. ಆಗಸ್ಟ್ 15ಕ್ಕೆ ನಮ್ಮ ಮೈಕ್‌ಸೆಟ್‌ನವರ ಹತ್ತಿರ ಇರೋದೂ ಅದೇ ಏಳೆಂಟು ಹಾಡು. ಜಮೈಕಾದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಬೇರೆಯೇ ಒಂದು ಕೆಲಸ ಮಾಡಿಬಿಟ್ಟರು.

1966ರಲ್ಲಿ ಅಲ್ಲಿನ ಸರ್ಕಾರ ಸ್ವಾತಂತ್ರ್ಯೋತ್ಸವಕ್ಕೆಂದು ಜನಪ್ರಿಯ ಹಾಡಿನ ಸ್ಪರ್ಧೆ ಶುರು ಮಾಡಿತು. ಇದರ ಹಿಂದಿದ್ದ ಮಂತ್ರಿ ಎಡ್ವರ್ಡ್ ಸಿಯಾಗಾ. ರಾಜಕೀಯಕ್ಕೆ ಬರುವ ಮುಂಚೆ ರೆಕಾರ್ಡ್ ಕಂಪನಿ ನಡೆಸಿದವರು, ಹಳ್ಳಿಗಳಲ್ಲಿ ಜನಪದ ಹಾಡು ಧ್ವನಿಮುದ್ರಿಸಿಕೊಂಡವರು. ಅಂದರೆ ಕಿವಿ ಇದ್ದ ಮಂತ್ರಿ, ಅಪರೂಪದ ಪ್ರಾಣಿ. ಮೊದಲ ವರ್ಷ ಗೆದ್ದದ್ದು ಮೇಟಲ್ಸ್ ತಂಡದ 'ಬ್ಯಾಮ್ ಬ್ಯಾಮ್'. ಮುಖ್ಯ ಗಾಯಕ ಟೂಟ್ಸ್ ಹಿಬರ್ಟ್, ಚರ್ಚಿನ ಗಂಟಲು. ಹಾಡಿನಲ್ಲಿ ಏನಿದೆ? ದೇಶ ಇಲ್ಲ, ಬಾವುಟ ಇಲ್ಲ, ಹುತಾತ್ಮರಿಲ್ಲ. ನಾನು ನ್ಯಾಯವಂತ, ನನ್ನ ತಂಟೆಗೆ ಬಂದರೆ ಗ್ರಹಚಾರ ನೆಟ್ಟಗಿರಲ್ಲ ಅಂತ ಒಬ್ಬ ಗಂಡಸು ಎಚ್ಚರಿಸುತ್ತಾನೆ, ಅಷ್ಟೇ. "ಅಪ್ಪಾ, ಇದರಲ್ಲಿ ಜಮೈಕಾ ಎಲ್ಲಿ ಬಂತು?" ಅಂತ ಮಗಳು ಕೇಳಿದ್ದಳು. ಎಲ್ಲೂ ಬರಲ್ಲ ಪುಟ್ಟಾ, ಅದಕ್ಕೇ ಚೆನ್ನಾಗಿದೆ ಅಂದೆ.

1966ರ ಮಿಕ್ಕ ಕಥೆಯನ್ನೂ ಹೇಳಬೇಕು. ಅದೇ ವರ್ಷ, ಅದೇ ಸಿಯಾಗಾ ಅವರ ಕ್ಷೇತ್ರವಾದ ಪಶ್ಚಿಮ ಕಿಂಗ್‌ಸ್ಟನ್‌ನಲ್ಲಿ, ರಾಸ್ತಫಾರಿ ಅನ್ನೋ ಧಾರ್ಮಿಕ ಪಂಥದವರೂ ಬಡವರೂ ಇದ್ದ 'ಬ್ಯಾಕ್ ಓ ವಾಲ್' ಅನ್ನೋ ಜೋಪಡಿಪಟ್ಟಿಯ ಮೇಲೆ ಬುಲ್ಡೋಜರ್ ಹರಿಯಿತು. ಅಲ್ಲಿ ಟಿವೋಲಿ ಗಾರ್ಡನ್ಸ್ ಅನ್ನೋ ಬಡಾವಣೆ ಎದ್ದಿತು. ಇತ್ತ ಸ್ವಾತಂತ್ರ್ಯೋತ್ಸವದ ಹಾಡು ಗೆದ್ದ ಟೂಟ್ಸ್, ಗಾಂಜಾ ಕೇಸಿನಲ್ಲಿ ಜೈಲು ಸೇರಿದ. ಸುಳ್ಳು ಕೇಸು ಅಂತ ಅವನು ಕೊನೆಯವರೆಗೂ ಹೇಳಿದ. ಹೊರಗೆ ಬಂದು 1968ರಲ್ಲಿ ತನ್ನ ಕೈದಿ ನಂಬರನ್ನೇ ಹಾಡು ಮಾಡಿದ: 54-46. ಆಗಸ್ಟ್ 6ರಂದು ನಾನು 'ಬ್ಯಾಮ್ ಬ್ಯಾಮ್' ಆದ ಕೂಡಲೇ ಈ ಹಾಡು ಹಾಕುತ್ತೇನೆ. ಒಂದು ಇಲ್ಲದೆ ಇನ್ನೊಂದು ಹಾಕಿದರೆ ಲೆಕ್ಕ ತಪ್ಪುತ್ತೆ ಅನ್ನಿಸುತ್ತೆ.

ಆಮೇಲೆ 1969. ನಮ್ಮ ಮನೆಯವರ ಮೆಚ್ಚಿನ ಮದುವೆಮನೆ ಹಾಡು, 'ಸ್ವೀಟ್ ಆ್ಯಂಡ್ ಡ್ಯಾಂಡಿ'. ಅದೇ ಟೂಟ್ಸ್, ಅದೇ ಸ್ಪರ್ಧೆ, ಮತ್ತೆ ಗೆಲುವು. ಮದುಮಗಳು ಕೋಣೆಯಲ್ಲಿ ಕೂತು ಅಳುತ್ತಿದ್ದಾಳೆ, ಮದುಮಗ ಇನ್ನೊಂದು ಕಡೆ ಚಡಪಡಿಸುತ್ತಿದ್ದಾನೆ, ಹಿರಿಯರು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಾರೆ, ಹೊರಗೆ ಕೇಕಿಗೆ ಎಷ್ಟು ಪೌಂಡ್ ಎಷ್ಟು ಶಿಲಿಂಗ್ ಖರ್ಚಾಯಿತು ಅನ್ನೋ ಮಾತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜಮೈಕಾ ಪೌಂಡ್ ಬಿಟ್ಟು ಸ್ವಂತ ಡಾಲರ್ ತಂದಿತು. ಹಳೇ ದುಡ್ಡಿನ ಲೆಕ್ಕ ಹೇಳುತ್ತಾ ಹೊಸ ದೇಶದ ಹಬ್ಬದಲ್ಲಿ ಗೆದ್ದ ಹಾಡು! ಯಾವ ಅರ್ಥಶಾಸ್ತ್ರದ ಪುಸ್ತಕವೂ ನನಗೆ ಈ ಸಂಗತಿಯನ್ನು ಇಷ್ಟು ಚೆನ್ನಾಗಿ ನೆನಪಿಡಿಸಿಲ್ಲ. 1971ರಲ್ಲಿ ಗೆದ್ದ ಎರಿಕ್ ಡೊನಾಲ್ಡ್‌ಸನ್‌ನ 'ಚೆರಿ ಓ ಬೇಬಿ' ಇನ್ನೂ ಒಂದು ಹೆಜ್ಜೆ ಮುಂದೆ, ನೇರಾನೇರ ಪ್ರೇಮಗೀತೆ. ಮುಂದೆ ರೋಲಿಂಗ್ ಸ್ಟೋನ್ಸ್‌ನವರೂ ಅದನ್ನು ಹಾಡಿದರು.

ಹಾಗಂತ ಪ್ರೇಮಗೀತೆಯೇ ದೊಡ್ಡದು, ಹೊಗಳಿಕೆ ಎಲ್ಲ ಸುಳ್ಳು ಅಂತ ವಾದ ಮಾಡೋಕೆ ಹೊರಟರೆ ಅದೇ ಡೊನಾಲ್ಡ್‌ಸನ್ ಅಡ್ಡ ಬರುತ್ತಾನೆ. 1978ರಲ್ಲಿ ಅವನು ಗೆದ್ದ 'ಲ್ಯಾಂಡ್ ಆಫ್ ಮೈ ಬರ್ತ್' ಹೆಸರೇ ಹೇಳುವ ಹಾಗೆ ಜನ್ಮಭೂಮಿಯ ಹೊಗಳಿಕೆ, ಮುಚ್ಚುಮರೆ ಇಲ್ಲ. ಅದು ಬಂದಾಗ ಪ್ರತಿಸಲ ನನ್ನ ಗಂಟಲು ಕಟ್ಟುತ್ತದೆ. ನನ್ನ ಸಿದ್ಧಾಂತಕ್ಕೆ ಸರಿಹೊಂದಲ್ಲ, ಆದರೂ ತೆಗೆಯೋಕೆ ಮನಸ್ಸು ಬರಲ್ಲ. ಬಹುಶಃ ಆ ವರ್ಷ ಎಂಥದ್ದು ಅಂತ ಗೊತ್ತಿರೋದರಿಂದ. ಎರಡು ಪಕ್ಷಗಳ ಬಂದೂಕುಧಾರಿಗಳು ಕಿಂಗ್‌ಸ್ಟನ್ ಅನ್ನು ಹಂಚಿಕೊಂಡಿದ್ದ ಕಾಲ. ಒಂದು ಕಡೆ ಪ್ರಧಾನಿ ಮೈಕಲ್ ಮ್ಯಾನ್ಲಿ, ಲಾರ್ಡ್ ಕ್ರಿಯೇಟರ್ ಹಾಡಿದ ಮ್ಯಾನ್ಲಿಯ ಮಗ. ಇನ್ನೊಂದು ಕಡೆ ಹಾಡಿನ ಸ್ಪರ್ಧೆಯ ನಮ್ಮ ಸಿಯಾಗಾ. 1972ರಲ್ಲಿ ಮ್ಯಾನ್ಲಿ ಗೆದ್ದದ್ದೂ ಒಂದು ಹಾಡಿನ ಅಲೆಯ ಮೇಲೆ. ಒಳ್ಳೇ ದಿನ ಬರಲೇಬೇಕು ಅಂತ ಡೆಲ್ರಾಯ್ ವಿಲ್ಸನ್ ಪಕ್ಷಕ್ಕಾಗಿ ಹಾಡಿದ್ದಲ್ಲ, ಪಕ್ಷ ಎತ್ತಿಕೊಂಡಿತು. 'ಒಳ್ಳೇ ದಿನ' ಅನ್ನೋ ಮಾತು ಎಲ್ಲ ದೇಶದಲ್ಲೂ ಚುನಾವಣೆಗೆ ಒದಗುತ್ತೆ, ನೋಡಿ.

1978ರ ಏಪ್ರಿಲ್ 22. ಜಾಗ, ಅದೇ ನ್ಯಾಷನಲ್ ಸ್ಟೇಡಿಯಂ. ಶಾಂತಿಗಾಗಿ ಕಛೇರಿ. ಬಾಬ್ ಮಾರ್ಲಿ ಹಾಡುತ್ತಾ ಹಾಡುತ್ತಾ ಮ್ಯಾನ್ಲಿ ಮತ್ತು ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು, ಅವರ ಕೈಗಳನ್ನು ತನ್ನ ತಲೆಯ ಮೇಲೆ ಸೇರಿಸಿ ಹಿಡಿದ. ಆ ಫೋಟೊ ನೀವು ನೋಡಿರುತ್ತೀರಿ. ಇಬ್ಬರ ಮುಖವನ್ನೂ ಒಮ್ಮೆ ದೊಡ್ಡದು ಮಾಡಿ ನೋಡಿ: ಬೀಗರ ಮನೆಯಲ್ಲಿ ಬಲವಂತಕ್ಕೆ ಫೋಟೊಗೆ ನಿಂತವರ ಹಾಗಿದ್ದಾರೆ. 1980ರ ಚುನಾವಣೆಯ ವರ್ಷ ಸುಮಾರು 800 ಜನ ಸತ್ತರು. ಹಾಡು ಶಾಂತಿ ತಂದಿತು ಅಂತ ಆ ಫೋಟೊ ತೋರಿಸಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ. ಅದೇ ಕಛೇರಿಯಲ್ಲಿ ಮಾರ್ಲಿಯ ಹಳೇ ಜೊತೆಗಾರ ಪೀಟರ್ ಟಾಷ್ ಹಾಡುಗಳ ನಡುವೆ ಇಬ್ಬರು ನಾಯಕರನ್ನೂ ಎದುರಿಗೇ ತರಾಟೆಗೆ ತೆಗೆದುಕೊಂಡ. ಅದು ಯಾರ ಟೀ ಶರ್ಟ್ ಮೇಲೂ ಬರಲಿಲ್ಲ. ಕೆಲವೇ ತಿಂಗಳಲ್ಲಿ ಪೊಲೀಸರು ಅವನನ್ನು ಹಿಡಿದು ಚೆನ್ನಾಗಿ ಬಡಿದರು. ನನ್ನ ಪಟ್ಟಿಯಲ್ಲಿ 1978ಕ್ಕೆ ಟಾಷ್ ಒಬ್ಬ, ಡೊನಾಲ್ಡ್‌ಸನ್ ಒಬ್ಬ. ಇಬ್ಬರೂ ಬೇಕು.

ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಯಿತು. ಜಮೈಕಾಕ್ಕೆ ಆಗಸ್ಟ್‌ನಲ್ಲಿ ಎರಡು ಹಬ್ಬ. ಆಗಸ್ಟ್ 1 ಗುಲಾಮಗಿರಿ ಕೊನೆಯಾದ ದಿನ. 1834ರಲ್ಲಿ ಕಾನೂನು ಜಾರಿ, 1838ರಲ್ಲಿ ಪೂರ್ತಿ ಬಿಡುಗಡೆ. 1962ರಲ್ಲಿ ಸ್ವಾತಂತ್ರ್ಯ ದಿನ ಬಂದದ್ದೇ ತಡ, ಆಗಸ್ಟ್ 1ರ ರಜೆಯನ್ನು ತೆಗೆದುಹಾಕಿದರು. ಮತ್ತೆ ಬಂದದ್ದು 1997ರಲ್ಲಿ. ಆ ನಡುವೆ, 1975ರಲ್ಲಿ, ಬರ್ನಿಂಗ್ ಸ್ಪಿಯರ್ ಅನ್ನೋ ರೆಗ್ಗೇ ಗಾಯಕ 'ಸ್ಲೇವರಿ ಡೇಸ್' (ಗುಲಾಮಗಿರಿಯ ದಿನಗಳು) ಹಾಡಿದ. ನೆನಪಿದೆಯಾ ಆ ದಿನಗಳು, ನೆನಪಿದೆಯಾ ಅಂತ ಒಂದೇ ಪ್ರಶ್ನೆಯನ್ನು ಹಾಡಿನುದ್ದಕ್ಕೂ ಕೇಳುತ್ತಲೇ ಇರುತ್ತಾನೆ. ದನಿ ಏರಿಸುವುದೂ ಇಲ್ಲ. ಇದನ್ನು ದೀಪ ಆರಿಸಿ ಕೇಳಬೇಕು.

ಎಂಬತ್ತರ ದಶಕದಿಂದ ಈಚೆಗೆ ನನ್ನ ಪಟ್ಟಿ ತೆಳ್ಳಗಾಗುತ್ತದೆ. ಸ್ಪರ್ಧೆಯ ಹಾಡುಗಳಲ್ಲಿ ಬಿಸಿಲು, ಕಡಲತೀರ, ಬಾವುಟದ ಬಣ್ಣ ಜಾಸ್ತಿಯಾಗಿ, ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನ ಹಾಗೆ ಕೇಳಿಸುತ್ತವೆ. ಜೀವ ರೆಗ್ಗೇಯಿಂದಲೇ ಹುಟ್ಟಿದ ಡಾನ್ಸ್‌ಹಾಲ್ ಸಂಗೀತದ ಕಡೆ ಹೊರಟುಹೋಯಿತು. 1982ರಲ್ಲಿ ಸಿಸ್ಟರ್ ನ್ಯಾನ್ಸಿ ಅನ್ನೋ ಹುಡುಗಿ ಟೂಟ್ಸ್‌ನ 'ಬ್ಯಾಮ್ ಬ್ಯಾಮ್' ಪಲ್ಲವಿಯನ್ನೇ ಎತ್ತಿಕೊಂಡು ತನ್ನದೊಂದು ಹಾಡು ಮಾಡಿದಳು, ಗಂಡಸಿನ ಆ ಹೂಂಕಾರವನ್ನು ಹೆಣ್ಣಿನದಾಗಿಸಿದಳು. ಅದು ಜಗತ್ತನ್ನೆಲ್ಲ ಸುತ್ತಿತು, ಅವಳಿಗೆ ಮಾತ್ರ ದಶಕಗಳ ಕಾಲ ರಾಯಲ್ಟಿ ಬರಲಿಲ್ಲ. 2012ರ ಐವತ್ತನೇ ವರ್ಷಕ್ಕೆ ನಾನು ಹಾಡೇ ಹಾಕಲ್ಲ. ಮುನ್ನಾದಿನ, ಆಗಸ್ಟ್ 5ರಂದು, ಲಂಡನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಓಡಿದ ವಿಡಿಯೊ ಹಾಕುತ್ತೇನೆ. ಹತ್ತು ಸೆಕೆಂಡಿಗಿಂತ ಕಡಿಮೆ. ಬುಸ್ಟಮಾಂಟೆ ಕಾಲದ ಹಳೇ ಒಡೆಯರ ರಾಜಧಾನಿಯಲ್ಲಿ!

ಕೊನೆಯದು 2020. ಕೊರೊನಾ ವರ್ಷ. ಹಾಡಿನ ಸ್ಪರ್ಧೆಗೆ ಬುಜು ಬಂಟನ್ ಥರದ ದೊಡ್ಡ ಹೆಸರುಗಳು ಬಂದವು, ಗೆದ್ದದ್ದೂ ಬುಜುನೇ. ಅಂತಿಮ ಸುತ್ತಿನಲ್ಲಿ ಇನ್ನೊಬ್ಬ ಸ್ಪರ್ಧಿ ಇದ್ದ, ಎಪ್ಪತ್ತೇಳು ವರ್ಷದ ಟೂಟ್ಸ್ ಹಿಬರ್ಟ್. ಐವತ್ತನಾಲ್ಕು ವರ್ಷದ ಹಿಂದೆ ಮೊಟ್ಟಮೊದಲ ಬಹುಮಾನ ಗೆದ್ದವನು, ಅದಾದ ಮೇಲೆ ಅದೇ ಸರ್ಕಾರದ ಜೈಲಲ್ಲಿ ಇದ್ದು ಬಂದವನು, ಮೂರು ಸಲ ಗೆದ್ದವನು, ಮತ್ತೆ ಅರ್ಜಿ ಹಾಕಿ ಹುಡುಗರ ಜೊತೆ ಸಾಲಿನಲ್ಲಿ ನಿಂತಿದ್ದ. ಈ ಸಲ ಗೆಲ್ಲಲಿಲ್ಲ. ಸೆಪ್ಟೆಂಬರ್ 11ಕ್ಕೆ ತೀರಿಕೊಂಡ.

ಅಲ್ಲಿಗೆ ನಮ್ಮ ಮನೆಯ ಕಾರ್ಯಕ್ರಮ ಮುಗಿಯುತ್ತೆ, ಊಟಕ್ಕೆ ಏಳುತ್ತೇವೆ. ಈ ಸಲ ಮಗಳು 'ಫಾರ್ವರ್ಡ್ ಮಾರ್ಚ್'ಗೆ ತಾಳ ಹಾಕಲಿಲ್ಲ, ಕೈ ಎದ್ದಾಗಲೆಲ್ಲ ಬಾಯಲ್ಲೇ 'ಚಕ್' ಅನ್ನುತ್ತಾ ಕೂತಿದ್ದಳು. ತೊಂಬತ್ತರ ದಶಕಕ್ಕೆ ನನ್ನ ಹತ್ತಿರ ಸರಿಯಾದ ಹಾಡೇ ಇಲ್ಲ. ಗೊತ್ತಿರುವವರು ಕೆಳಗೆ ಬರೆಯಿರಿ. ಕಡಲತೀರದ್ದು ಬೇಡ.