ಕೋಠಿ ರೆಸಿಡೆನ್ಸಿಯ ಹಳೇ ಫೋಟೋ, ಮತ್ತೆ ನಮ್ಮ ಅಠಾರಾ ಕಚೇರಿ

ಹೈದರಾಬಾದಿಗೆ ಬಂದು ಹನ್ನೊಂದು ವರ್ಷ ಆಯ್ತು, ಕೋಠಿಯ ಬ್ರಿಟಿಷ್ ರೆಸಿಡೆನ್ಸಿ ಮುಂದೆ ಎಷ್ಟ್ ಸಲ ಬಸ್ಸಲ್ಲಿ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಅದರ ಹಳೇ ಫೋಟೋ ಒಂದನ್ನ ನೋಡಿದ್ಮೇಲೇನೇ ಅದು ಎಂಥ ಮನೆ ಅಂತ ತಿಳಿದದ್ದು. ಆರು ಭಾರೀ ಕಂಬ, ಅಗಲವಾದ ಮೆಟ್ಟಿಲು, ಎರಡೂ ಕಡೆ ಸಿಂಹ, ಮುಂದೆ ಕಣ್ಣು ಹಾಯೋವಷ್ಟು ಬಯಲು. ಆ ಬಯಲು ಇದ್ರೇನೇ ಕಂಬಗಳ ಎತ್ತರ ಗೊತ್ತಾಗೋದು.

ಕಟ್ಟಿಸಿದ್ದು ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ಅಂದ್ರೆ ರೆಸಿಡೆಂಟ್, ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್, 1800ರ ನಂತರದ ಐದಾರು ವರ್ಷದಲ್ಲಿ, ದುಡ್ಡು ನಿಜಾಮರದ್ದು. ಮೊದಲು ದೊಡ್ಡ ನಕ್ಷೆ ತೋರ್ಸಿದಾಗ ನಿಜಾಮರು ಒಪ್ಲಿಲ್ವಂತೆ, ಅದನ್ನೇ ಚಿಕ್ಕ ಕಾರ್ಡಲ್ಲಿ ಬರ್ಕೊಂಡು ಹೋದಾಗ ಹೂಂ ಅಂದ್ರಂತೆ, ಅಂತ ಒಂದು ಕತೆ ಇದೆ. ಹಿಂದಿನ ತೋಟದಲ್ಲಿ ಇದೇ ಮನೆಯ ಪುಟ್ಟ ಮಾದರಿ ಕೂಡ ಇದೆ, ಪರದೆಯಲ್ಲಿದ್ದ ಹೆಂಡ್ತಿ ಖೈರುನ್ನಿಸಾ ನೋಡ್ಲಿ ಅಂತ ಮಾಡಿಸಿದ್ದು ಅಂತಾರೆ. ನನಗೆ ಇಡೀ ಮನೆಗಿಂತ ಅದೇ ಇಷ್ಟ.

ಇಲ್ಲಿಯವರ ಒಂದು ರೀತಿ ನನಗೆ ತುಂಬಾ ಹಿಡಿಸಿದೆ. 1949ರಿಂದ ಇಲ್ಲಿ ಹೆಣ್ಣುಮಕ್ಕಳ ಕಾಲೇಜು, ಈಗ ವಿಶ್ವವಿದ್ಯಾಲಯ. ದೊರೆ ಕೂತ ಹಾಲಲ್ಲಿ ಹುಡ್ಗೀರು ಓದಿದ್ರು. ಆದ್ರೆ ಮನೆ ಮುಂದಿನ ತೋಟ ಉಳೀಲಿಲ್ಲ, ಒಂದೊಂದೇ ಕಟ್ಟಡ ಬಂದು ಆ ಬಯಲನ್ನ ನುಂಗಿಬಿಡ್ತು, ಹತ್ತಿರದಲ್ಲೇ ಮೂಸಿ ನದಿ ಇದೆ ಅನ್ನೋದೂ ಈಗ ಯಾರಾದ್ರೂ ಹೇಳಿದ್ರೇನೇ ಗೊತ್ತಾಗೋದು.

ನಮ್ಮ ಬೆಂಗಳೂರಲ್ಲಿ ಉಲ್ಟಾ. ಅಠಾರಾ ಕಚೇರಿ 1868ರದ್ದು, ಅದೂ ಕಂಬಗಳದ್ದೇ ಕಟ್ಟಡ, ಒಳಗೆ ಹೈಕೋರ್ಟು, ಸುಮ್ನೆ ನೋಡೋಕೆ ಹೋಗ್ತೀನಿ ಅಂದ್ರೆ ಬಿಡಲ್ಲ. ಆದ್ರೆ ಅದರ ಬೆನ್ನಿಗೆ ಕಬ್ಬನ್ ಪಾರ್ಕ್ ಇದೆ, ಮರಗಳ ನಡುವೆ ಕೆಂಪು ಗೋಡೆ ಕಾಣುತ್ತೆ, ಯಾರು ಬೇಕಾದ್ರೂ ಹೋಗಿ ಕೂತ್ಕೋಬಹುದು. 1980ರ ದಶಕದಲ್ಲಿ ಆ ಕಚೇರಿ ಕಟ್ಟಡಾನ ಒಡೀತೀವಿ ಅಂತ ಸರ್ಕಾರ ಹೊರಟಾಗ ಊರಿನ ಜನ ಕೋರ್ಟಿಗೆ ಹೋದ್ರು, ಕೇಸ್ ಗೆಲ್ಲದಿದ್ರೂ ಕಟ್ಟಡ ಉಳೀತು. ಆ ಹಠ ಕೋಠಿಯ ತೋಟಕ್ಕೂ ಯಾರಾದ್ರೂ ಹಿಡಿದಿದ್ರೆ ಅಂತ ಹೊಟ್ಟೆ ಉರಿಯುತ್ತೆ.

ಇಲ್ಲಿ ಮನೆಯ ರಿಪೇರಿ ಚೆನ್ನಾಗೇ ಮಾಡಿದಾರೆ, ಕಂಬಗಳು ಮತ್ತೆ ಬೆಳ್ಳಗಿವೆ. ಮುಂದಿನ ಕೆಲಸ ತೋಟದ್ದೇ ಆಗ್ಬೇಕು, ಪೂರ್ತಿ ಅಲ್ಲದಿದ್ರೂ ಮೆಟ್ಟಿಲ ಮುಂದಿನ ಅಷ್ಟು ಜಾಗ ಆದ್ರೂ ಖಾಲಿ ಬಿಡ್ಲಿ. ಆ ಫೋಟೋದ ದೊಡ್ಡ ಪ್ರಿಂಟ್ ಒಂದನ್ನ ಸಿಂಹದ ಪಕ್ಕ ಹಾಕಿದ್ರೆ, ಓದೋಕೆ ಬರೋ ಹುಡ್ಗೀರು ನಿಂತ ಜಾಗದಲ್ಲೇ ಎರಡನ್ನೂ ಹೋಲಿಸಿ ನೋಡ್ತಾರೆ.