ಮಿಲ್ಡೂರಾದ ತೊಂಬತ್ತು ದಿನಗಳು

ಕಳೆದ ತಿಂಗಳು ನನಗೂ ನನ್ನ ಹೆಂಡತಿಗೂ ಆಸ್ಟ್ರೇಲಿಯಾದ ಕಾಯಂ ವಾಸದ ಹಕ್ಕು ದೊರೆಯಿತು. ಶುಭ ಹಾರೈಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಅವರಲ್ಲಿ ಹಲವರು, ಹೆಚ್ಚಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನನಗಿಂತ ಕಿರಿಯರಾಗಿದ್ದವರು, ವೀಸಾಕ್ಕೆ ಸ್ಪಾನ್ಸರ್ ಮಾಡುವ, ಅಂದರೆ ಕೆಲಸ ಕೊಟ್ಟು ಆ ಕೆಲಸದ ಆಧಾರದ ಮೇಲೆ ವೀಸಾ ಸಿಗುವಂತೆ ಮಾಡುವ ಮಾಲೀಕರನ್ನು ಹುಡುಕುವುದು ಹೇಗೆಂದು ಕೇಳಿದ್ದಾರೆ. ಅದಕ್ಕೆ ಉತ್ತರಿಸುವ ಮೊದಲು, ಆ ದಾರಿಯಲ್ಲಿ ಕೊನೆಯವರೆಗೂ ನಡೆದವನಾಗಿ ನನಗಿರುವ ಒಂದು ಗಟ್ಟಿ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ: ಈ ವೀಸಾ ಕೆಲಸಗಾರನನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುತ್ತದೆ.

ನಾವಿರುವುದು ಮಿಲ್ಡೂರಾದಲ್ಲಿ. ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಸುಮಾರು 540 ಕಿ.ಮೀ. ದೂರದಲ್ಲಿ, ಮರ್ರೆ ನದಿಯ ದಂಡೆಯ ಮೇಲಿರುವ ಊರು ಇದು. 1887ರಲ್ಲಿ ಕೆನಡಾ ಮೂಲದ ಚಾಫಿ ಸಹೋದರರು ಇಲ್ಲಿ ನದಿಯಿಂದ ನೀರೆತ್ತಿ ನೀರಾವರಿ ವಸಾಹತು ಕಟ್ಟಿದ ಮೇಲೆ ಒಣಭೂಮಿಯೆಲ್ಲ ದ್ರಾಕ್ಷಿ, ಕಿತ್ತಳೆ, ಬಾದಾಮಿಯ ತೋಟವಾಯಿತು. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಬೆಳೆದ ನನಗೆ ಇಲ್ಲಿನ ಕೆಲಸ ಪರಕೀಯವೆನಿಸಲಿಲ್ಲ. ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವಾಗ ಗೊಂಚಲುಗಳನ್ನು ಅದ್ದುವ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ದ್ರಾವಣಕ್ಕೆ ನಮ್ಮ ಪಠ್ಯಗಳಲ್ಲಿ ‘ಆಸ್ಟ್ರೇಲಿಯನ್ ಡಿಪ್’ ಎಂಬ ಹೆಸರಿತ್ತು. ಇಲ್ಲಿ ಅದನ್ನೇ ಬಳ್ಳಿಯ ಮೇಲಿರುವ ಹಣ್ಣಿಗೆ ಸಿಂಪಡಿಸಿ, ಬಳ್ಳಿಯಲ್ಲೇ ಒಣಗಿಸುವುದನ್ನು ಕಂಡಾಗ ಎಷ್ಟೋ ದೂರದ ಎರಡು ಊರುಗಳ ನಡುವೆ ಸಂಬಂಧ ಮೊದಲೇ ಇತ್ತೆಂದು ಅರಿವಾಗಿ ಸಂತೋಷಪಟ್ಟಿದ್ದೆ.

ಅಡಿಲೇಡ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಮಿಲ್ಡೂರಾಕ್ಕೆ ಬಂದ ನನಗೆ 2021ರ ಸೆಪ್ಟೆಂಬರ್‌ನಲ್ಲಿ 494 ಎಂಬ ಸಂಖ್ಯೆಯ ವೀಸಾ ಸಿಕ್ಕಿತು. ಪ್ರಾದೇಶಿಕ ಊರುಗಳ ಉದ್ಯೋಗದಾತರು ತಮಗೆ ಸ್ಥಳೀಯವಾಗಿ ದೊರೆಯದ ಕುಶಲ ಕೆಲಸಗಾರರನ್ನು ಕರೆತರಲು ಇರುವ ವ್ಯವಸ್ಥೆ ಇದು. ಇದರ ಲೆಕ್ಕದಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ದೇಶವೆಲ್ಲ ಪ್ರಾದೇಶಿಕವೇ. ಉದ್ಯೋಗದಾತರು ಕನಿಷ್ಠ ನಾಲ್ಕು ವಾರ ಜಾಹೀರಾತು ಕೊಟ್ಟು ಸ್ಥಳೀಯರು ಸಿಗಲಿಲ್ಲವೆಂದು ತೋರಿಸಬೇಕು, ಆ ಹುದ್ದೆ ಐದು ವರ್ಷ ಇರಬಹುದೆಂಬುದನ್ನು ಮನಗಾಣಿಸಬೇಕು, ಊರಿನ ಮಾರುಕಟ್ಟೆಯ ಸಂಬಳ ಕೊಡಬೇಕು. ಅರ್ಜಿದಾರನಿಗೆ ಸಾಮಾನ್ಯವಾಗಿ 45 ವರ್ಷ ತುಂಬಿರಬಾರದು. ಅದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ, ವೃತ್ತಿ ಕೌಶಲದ ಮೌಲ್ಯಮಾಪನವೂ, ಇಂಗ್ಲಿಷ್ ಪರೀಕ್ಷೆಯೂ ಬೇಕು. ನನ್ನ ಮಟ್ಟಿಗೆ ಅನುಭವದ ಪತ್ರಗಳನ್ನು ಊರಿನಿಂದ ತರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಐದು ವರ್ಷ ಬಾಳುವ ಈ ವೀಸಾದಲ್ಲಿ ಮೂರು ವರ್ಷ ಪೂರೈಸಿ, ಷರತ್ತುಗಳನ್ನು ಪಾಲಿಸಿದ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು.

ಇದಕ್ಕೂ ಹಿಂದೆ 187 ಎಂಬ ವೀಸಾ ಇತ್ತು. ಅದರಲ್ಲಿ ಕಾಯಂ ವಾಸದ ಹಕ್ಕು ಮೊದಲೇ ಸಿಗುತ್ತಿತ್ತು. ಎರಡು ವರ್ಷ ಅದೇ ಉದ್ಯೋಗದಾತರ ಬಳಿ ದುಡಿಯಬೇಕೆಂಬ ನಿರೀಕ್ಷೆಯಿತ್ತು. ಜನ ಹಕ್ಕು ಪಡೆದು ಸಿಡ್ನಿಗೋ ಮೆಲ್ಬರ್ನ್‌ಗೋ ಹೊರಟುಹೋಗುತ್ತಾರೆ, ಊರುಗಳು ಮತ್ತೆ ಬರಿದಾಗುತ್ತವೆ ಎಂಬ ಕಾರಣಕ್ಕೆ 2019ರ ನವೆಂಬರ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿ 494ನ್ನು ತಂದಿತು. ಈ ಕಾಳಜಿ ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ. ಒಂದು ಊರು ನನಗೆ ಅನ್ನ, ಮನೆ, ಭವಿಷ್ಯ ಕೊಡುವುದಾದರೆ ಮೂರು ವರ್ಷ ಇಲ್ಲೇ ಇರು ಎಂದು ಕೇಳುವ ಅಧಿಕಾರ ಆ ಊರಿಗಿದೆ. ಆದರೆ ಆ ಮೂರು ವರ್ಷಗಳ ಬೀಗದ ಕೈಯನ್ನು ಊರಿನ ಬದಲು ಒಬ್ಬ ಮಾಲೀಕನ ಕೈಗೆ ಕೊಟ್ಟದ್ದನ್ನು ನಾನು ಒಪ್ಪಲಾರೆ.

ಏಕೆಂದು ಹೇಳುತ್ತೇನೆ. ನನ್ನ ಮೊದಲ ಮಾಲೀಕರು ಒಳ್ಳೆಯವರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ತೋಟದ ದೊಡ್ಡ ಭಾಗ ಕೆಂಪು ವೈನ್ ದ್ರಾಕ್ಷಿ. 2020ರ ಕೊನೆಯಿಂದ ಚೀನಾ ಆಸ್ಟ್ರೇಲಿಯಾದ ವೈನ್ ಮೇಲೆ ಶೇ. 100ಕ್ಕೂ ಹೆಚ್ಚು, ಕೆಲವಕ್ಕೆ ಶೇ. 200ಕ್ಕೂ ಮೀರಿದ ಸುಂಕ ಹೇರಿತು, 2024ರ ಮಾರ್ಚ್‌ವರೆಗೆ ಅದನ್ನು ತೆಗೆಯಲಿಲ್ಲ. ಕೊಳ್ಳುವವರಿಲ್ಲದೆ ಈ ಭಾಗದ ಎಷ್ಟೋ ಬೆಳೆಗಾರರು ಬಳ್ಳಿಗಳನ್ನೇ ಕಿತ್ತುಹಾಕಿದರು. ನಮ್ಮ ಮಾಲೀಕರು ಎರಡು ಸುಗ್ಗಿ ತಡೆದುಕೊಂಡು, 2023ರ ಮೇ ತಿಂಗಳಲ್ಲಿ ತೋಟ ಮಾರಿದರು. ಐದು ವರ್ಷ ಇರಬೇಕಾಗಿದ್ದ ಹುದ್ದೆ ಎರಡು ವರ್ಷ ತುಂಬುವ ಮೊದಲೇ ಇಲ್ಲವಾಯಿತು.

ಆಗ ನಿಯಮದ ಪ್ರಕಾರ ನನ್ನ ಕೈಯಲ್ಲಿದ್ದದ್ದು 90 ದಿನ. ಅಷ್ಟರಲ್ಲಿ ಸ್ಪಾನ್ಸರ್ ಆಗಲು ಅರ್ಹತೆಯುಳ್ಳ ಇನ್ನೊಬ್ಬ ಉದ್ಯೋಗದಾತ ಸಿಗಬೇಕು, ಅವರು ನನ್ನನ್ನು ಹೊಸದಾಗಿ ನಾಮನಿರ್ದೇಶನ ಮಾಡಬೇಕು, ಅದು ಮಂಜೂರಾಗಬೇಕು. ಅಲ್ಲಿಯವರೆಗೆ ಅವರ ತೋಟದಲ್ಲಿ ಒಂದು ದಿನವೂ ಕೆಲಸ ಮಾಡುವಂತಿಲ್ಲ. ಅಪ್ಪ ಫೋನಿನಲ್ಲಿ, “ಅಲ್ಲಿ ಬಿಟ್ರ ಬ್ಯಾರೆ ತ್ವಾಟ ನೋಡ್ಕೊ, ದ್ರಾಕ್ಷಿ ಬಳ್ಳಿ ಎಲ್ಲಾ ಕಡೆ ಒಂದ ಅಲ್ಲೇನು?” ಎಂದರು. ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದರೆ ನನಗೆ ಉತ್ತರ ಹೊಳೆಯಲಿಲ್ಲ. ನದಿಯಾಚೆ, ನ್ಯೂ ಸೌತ್ ವೇಲ್ಸ್ ದಂಡೆಯಲ್ಲಿ, ಒಣದ್ರಾಕ್ಷಿ ಬೆಳೆಯುವವರೊಬ್ಬರು ನನ್ನನ್ನು ಮರುದಿನದಿಂದಲೇ ಕೆಲಸಕ್ಕೆ ತೆಗೆದುಕೊಳ್ಳಲು ಸಿದ್ಧರಿದ್ದರು. ಅವರಿಗೆ ಆಳು ಬೇಕಿತ್ತು, ನನಗೆ ಕೆಲಸ ಬೇಕಿತ್ತು, ನಡುವೆ ನಿಂತದ್ದು ಕಾಗದ ಮಾತ್ರ. ಅವರು ಕಾಗದ ಜೋಡಿಸುವಷ್ಟರಲ್ಲಿ ಜುಲೈ ಬಂತು. ಆ ತಿಂಗಳ ಒಂದರಿಂದ ಸ್ಪಾನ್ಸರ್ ಮಾಡುವವರು ಕೊಡಬೇಕಾದ ಕನಿಷ್ಠ ವಾರ್ಷಿಕ ಸಂಬಳ 53,900 ಡಾಲರ್‌ನಿಂದ ಒಮ್ಮೆಲೇ 70,000ಕ್ಕೆ ಏರಿತ್ತು. ಹತ್ತು ವರ್ಷ ಕದಲದೆ ನಿಂತಿದ್ದ ಆ ಮೊತ್ತ ಏರಲೇಬೇಕಾಗಿತ್ತು, ಆದರೆ ಅವರು ಒಂದು ವಾರ ಯೋಚಿಸಿದರು. ಆ ಒಂದು ವಾರ ನಾವಿಬ್ಬರೂ ಸರಿಯಾಗಿ ನಿದ್ರೆ ಮಾಡಲಿಲ್ಲ. ಕೊನೆಗೆ ಒಪ್ಪಿದರು. ಅನುಮೋದನೆ ಕೈಸೇರಿದಾಗ 83ನೆಯ ದಿನ ನಡೆಯುತ್ತಿತ್ತು.

ನನ್ನದು ಸಜ್ಜನ ಮಾಲೀಕರಿದ್ದೂ ಬಂದ ಕಷ್ಟ. ಎಲ್ಲ ಮಾಲೀಕರೂ ಹಾಗಿರುವುದಿಲ್ಲ. ಇಲ್ಲಿಂದ ಸ್ವಲ್ಪ ದೂರದ ಊರಿನಲ್ಲಿ ಅಡುಗೆ ಕೆಲಸದಲ್ಲಿರುವ ನಮ್ಮ ಕಡೆಯ ಒಬ್ಬ ಹುಡುಗನ ಸಂಬಳ ಪ್ರತಿ ಹದಿನೈದು ದಿನಕ್ಕೊಮ್ಮೆ ಪೂರ್ತಿಯಾಗಿ ಬ್ಯಾಂಕಿಗೆ ಬರುತ್ತಿತ್ತು. ಮರುದಿನ ಅದರಲ್ಲೊಂದು ಭಾಗವನ್ನು ಅವನು ನಗದಾಗಿ ಮಾಲೀಕನಿಗೆ ಮರಳಿಸಬೇಕಿತ್ತು. ಸ್ಪಾನ್ಸರ್ ಮಾಡುವುದಕ್ಕೆ ಪ್ರತಿಫಲವಾಗಿ ಹಣ ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಇಲ್ಲಿ ಕಾನೂನುಬಾಹಿರ. ಸ್ಪಾನ್ಸರ್ ಮಾಡುವಾಗ ಉದ್ಯೋಗದಾತರು ಸರ್ಕಾರದ ತರಬೇತಿ ನಿಧಿಗೆ ತುಂಬುವ ಶುಲ್ಕವನ್ನು, ಅಂದರೆ ಸಣ್ಣ ಉದ್ಯಮವಾದರೆ 3,000, ದೊಡ್ಡದಾದರೆ 5,000 ಡಾಲರ್, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಅವನಿಗೆ ಇದೆಲ್ಲ ಗೊತ್ತಿತ್ತು. ಕೆಲಸ ಹೋದರೆ 90 ದಿನವೆಂಬುದೂ ಗೊತ್ತಿತ್ತು. ಹಾಗಾಗಿ ಸುಮ್ಮನಿದ್ದ. ದಯವಿಟ್ಟು, ಊರಿನಲ್ಲಿ ಯಾರಾದರೂ ಏಜೆಂಟರು ಇಷ್ಟು ಲಕ್ಷಕ್ಕೆ ಸ್ಪಾನ್ಸರ್ ಕೊಡಿಸುತ್ತೇವೆಂದರೆ ಅವರ ಬಾಗಿಲಿಗೆ ಹೋಗಬೇಡಿ, ಹೊಲ ಮಾರಬೇಡಿ.

ನನ್ನ ವಾದಕ್ಕೆ ಆಧಾರ ನಮ್ಮ ಬೀದಿಯಲ್ಲೇ ಇದೆ. ಎರಡು ಮನೆ ಆಚೆ ಹಾಸನದ ಕಡೆಯ ಗೆಳೆಯರೊಬ್ಬರಿದ್ದಾರೆ, ಅವರದು ರಾಜ್ಯ ಸರ್ಕಾರ ನಾಮನಿರ್ದೇಶನ ಮಾಡಿದ 491 ವೀಸಾ. ಅವರೂ ಮೂರು ವರ್ಷ ಪ್ರಾದೇಶಿಕ ಊರುಗಳಲ್ಲೇ ಇರಬೇಕು, ಅವರಿಗೂ ಕೊನೆಗೆ ಸಿಗುವುದು ಅದೇ 191. ಆದರೆ ಅವರು ಯಾರ ಬಳಿ ಬೇಕಾದರೂ ದುಡಿಯಬಹುದು. ಮೂರು ಸಲ ಕೆಲಸ ಬದಲಿಸಿದರೂ ಮಿಲ್ಡೂರಾ ಬಿಟ್ಟು ಹೋಗಿಲ್ಲ. ಈಗ ಮನೆಯನ್ನೂ ಕೊಂಡಿದ್ದಾರೆ. ಜನರನ್ನು ಊರಿನಲ್ಲಿ ಉಳಿಸಲು ಊರಿನ ಷರತ್ತು ಸಾಕೆಂದು ಅದೇ ಸರ್ಕಾರವೇ ಒಂದು ವೀಸಾದಲ್ಲಿ ಒಪ್ಪಿಕೊಂಡಿರುವಾಗ ಇನ್ನೊಂದರಲ್ಲಿ ಏಕೆ ಒಪ್ಪಬಾರದು?

ಉದ್ಯೋಗದಾತರ ಅಳಲೂ ಸುಳ್ಳಲ್ಲ. ಹಣ ಖರ್ಚು ಮಾಡಿ, ತಿಂಗಳುಗಟ್ಟಲೆ ಕಾದು ಕರೆತಂದವನು ಮೊದಲ ಸುಗ್ಗಿಗೇ ಪಕ್ಕದ ತೋಟಕ್ಕೆ ಹೋದರೆ ಸಣ್ಣ ಬೆಳೆಗಾರ ಏನು ಮಾಡಬೇಕು? ಮೊದಲ ಒಂದು ವರ್ಷ ಕರೆತಂದವರ ಬಳಿಯೇ ಇರಲಿ. ಆಮೇಲೆ ಅದೇ ಪ್ರದೇಶದೊಳಗೆ ತನ್ನ ವೃತ್ತಿಯಲ್ಲಿ ಯಾರ ಬಳಿಗಾದರೂ ಹೋಗುವ ಸ್ವಾತಂತ್ರ್ಯವಿರಲಿ, ತರಬೇತಿ ಶುಲ್ಕದಲ್ಲಿ ಉಳಿದ ವರ್ಷಗಳ ಪಾಲನ್ನು ಹೊಸಬರು ಹಳಬರಿಗೆ ತುಂಬಿಕೊಡಲಿ. ಇದು ನನಗೆ ಇಬ್ಬರಿಗೂ ಸಲ್ಲುವ ವ್ಯವಸ್ಥೆಯಾಗಿ ಕಾಣುತ್ತದೆ.

ಸರ್ಕಾರ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ ಎಂಬುದನ್ನೂ ಹೇಳಬೇಕು. 2024ರ ಜುಲೈ 1ರಿಂದ 90 ದಿನಗಳ ಮಿತಿ ಒಂದು ಬಾರಿಗೆ 180 ದಿನ, ವೀಸಾದ ಅವಧಿಯಲ್ಲಿ ಒಟ್ಟು 365 ದಿನವಾಗಿದೆ. ಹೊಸ ಸ್ಪಾನ್ಸರ್ ಹುಡುಕುವ ಆ ಕಾಲದಲ್ಲಿ ಬೇರೆಯವರ ಬಳಿ ದುಡಿದು ಸಂಸಾರ ನಡೆಸಲೂ ಅವಕಾಶವಿದೆ. ಕೆಲಸ ಬಿಟ್ಟರೆ ಬೀದಿಗೆ ಬರುತ್ತೇನೆಂಬ ಭಯವನ್ನು ಇದು ಅರ್ಧಕ್ಕಿಳಿಸಿದೆ. ಉಳಿದರ್ಧ ಹೋಗಬೇಕಾದರೆ ಬೀಗದ ಕೈ ಬೇರೆಡೆ ಹೋಗಬೇಕು.

ನಾನು ಈ ಬರಹ ಬರೆಯಲು ಕೂತದ್ದು ಕಳೆದ ಭಾನುವಾರ ಆ ಅಡುಗೆಯ ಹುಡುಗ ನಮ್ಮ ಮನೆಗೆ ಊಟಕ್ಕೆ ಬಂದುಹೋದ ಮೇಲೆ. ಅವನ 494 ವೀಸಾಕ್ಕೆ ಮೂರು ವರ್ಷ ತುಂಬಿ ಐದು ತಿಂಗಳಾಗಿತ್ತು. ಅರ್ಜಿ ಏಕೆ ಹಾಕಿಲ್ಲವೆಂದು ಕೇಳಿದರೆ, ಮಾಲೀಕ ಸಹಿ ಮಾಡಲು ಸತಾಯಿಸುತ್ತಿದ್ದಾನೆ ಎಂದ. 191ರ ಅರ್ಜಿಗೆ ಮಾಲೀಕನ ನಾಮನಿರ್ದೇಶನವೂ ಬೇಕಿಲ್ಲ, ಸಹಿಯೂ ಬೇಕಿಲ್ಲ. ಮೂರು ವರ್ಷದ ಆದಾಯ ತೆರಿಗೆಯ ನಿರ್ಣಯ ಪತ್ರಗಳೂ, ಪ್ರಾದೇಶಿಕ ಊರಿನಲ್ಲಿ ಬಾಳಿದ್ದಕ್ಕೆ ದಾಖಲೆಗಳೂ ಸಾಕು. ಐದು ತಿಂಗಳು ಅವನು ಸುಮ್ಮನೆ ಆ ನಗದನ್ನು ಕೊಡುತ್ತಲೇ ಇದ್ದ. ಊಟದ ತಟ್ಟೆಗಳನ್ನು ಬದಿಗಿಟ್ಟು, ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವನ ಅರ್ಜಿಯನ್ನು ತುಂಬಿದೆವು. ಸಲ್ಲಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.