ಎಲ್ಲರೂ ಹೈಕಮಾಂಡ್ ಆದರೆ ಓಟು ಹಾಕೋರು ಯಾರು?

ನಿನ್ನೆ ಪಾಟ್‌ಲಕ್‌ನಲ್ಲಿ (ಎಲ್ಲರೂ ಒಂದೊಂದು ಅಡುಗೆ ಮಾಡಿ ತಂದು ಸೇರಿ ಉಣ್ಣೋ ಕೂಟ) ಜಗಳ ಆಡಿಕೊಂಡು ಬಂದಿದ್ದೇನೆ. ಕಾರಲ್ಲಿ ದಾರಿಯುದ್ದಕ್ಕೂ ನಮ್ಮ ಯಜಮಾನರದು ಒಂದೇ ರಾಗ, "ನಿಂಗ್ಯಾಕೆ ಬೇಕಿತ್ತು?" ಬೇಕಿತ್ತು. ಅಲ್ಲಿ ಪೂರ್ತಿ ಹೇಳೋಕೆ ಬಿಡಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಊಟ ಮುಗಿದು ಪಾಯಸದ ಲೋಟ ಹಿಡಿದು ಕೂತಾಗ ಮಾತು ಅಮೆರಿಕದ ಮುಂದಿನ ಅಧ್ಯಕ್ಷರ ಚುನಾವಣೆ ಕಡೆ ತಿರುಗಿತು. ಪಕ್ಷದ ಅಭ್ಯರ್ಥಿಯನ್ನು ಆರಿಸೋ ಪ್ರೈಮರಿಗೆ ಯಾರು ನಿಲ್ಲಬಹುದು, ಯಾರು ಹೇಗೆ ಅಂತ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಯಾವ ಹೆಸರು ಬಂದರೂ ಹಿಂದೆಯೇ ಒಂದು ಮಾತು: "ನಂಗೇನೋ ಇಷ್ಟಾನೇ, ಆದ್ರೆ ಗೆಲ್ಲೋ ಕ್ಯಾಂಡಿಡೇಟ್ ಅಲ್ಲ ಬಿಡಿ." ಯಾಕಲ್ಲ? "ಒಹಾಯೋದೋರು ಒಪ್ಪಲ್ಲ." ಚುನಾವಣೆಯ ಫಲಿತಾಂಶ ತಿರುಗಿಸೋ ರಾಜ್ಯ ಅಂತ ಹೆಸರಾದ ಒಹಾಯೋಗೂ ಇವರಿಗೂ ಏನು ನೆಂಟಸ್ತಿಕೆ ಅಂತ ಕೇಳಿದೆ. ಹೈವೇಯಲ್ಲಿ ಪೆಟ್ರೋಲ್ ಹಾಕಿಸಿದ್ದು ಬಿಟ್ಟರೆ ಅಲ್ಲಿ ಯಾರ ಪರಿಚಯವೂ ಇಲ್ಲ ಇವರಿಗೆ. ಆದರೂ ಅಲ್ಲಿಯ ಜನರ ಮನಸ್ಸು ಅಂಗೈ ಮೇಲಿದೆ. "ಅವೆಲ್ಲ ಲೆಕ್ಕಾಚಾರ ನಿಮಗೆ ಗೊತ್ತಾಗಲ್ಲಮ್ಮ" ಅಂದರು ಹಾಸನದ ಕಡೆಯ ಹಿರಿಯರೊಬ್ಬರು. ಆ 'ಅಮ್ಮ' ಗೌರವದ್ದಲ್ಲ ಅಂತ ನನಗೂ ಗೊತ್ತಾಯಿತು, ಅವರ ಹೆಂಡತಿಗೂ ಗೊತ್ತಾಯಿತು. ಅವರು ಎದ್ದು ಕಾಫಿ ಬಿಸಿ ಮಾಡೋಕೆ ಹೋದರು.

ಊರಲ್ಲಿ ಎಲೆಕ್ಷನ್ ಬಂದಾಗ ಇದೇ ಮಹನೀಯರು ಏನು ಬೈತಾರೆ ಕೇಳಬೇಕು. ಟಿಕೆಟ್ ಕೊಡೋದು ದಿಲ್ಲಿಯಲ್ಲಿ, ಹತ್ತಾರು ವರ್ಷ ಪಕ್ಷಕ್ಕೆ ಮಣ್ಣು ಹೊತ್ತವನಿಗೆ ಕೈ ಕೊಟ್ಟು ದುಡ್ಡು, ಜಾತಿ ಲೆಕ್ಕ ಹಾಕಿ ಗೆಲ್ಲೋ ಕುದುರೆಗೆ ಕೊಡ್ತಾರೆ, ಇದೆಂಥ ಪ್ರಜಾಪ್ರಭುತ್ವ ಅಂತ. ಸರಿಯಾಗೇ ಬೈತಾರೆ. ಈ ದೇಶದಲ್ಲಿ ಆ ಟಿಕೆಟ್ ಕೊಡೋ ಅಧಿಕಾರವನ್ನೇ ಜನರ ಕೈಗೆ ಇಟ್ಟಿದ್ದಾರೆ. ಅದಕ್ಕೇ ಪ್ರೈಮರಿ ಅನ್ನೋದು. ಅಲ್ಲಿ ಹೋಗಿ ನಾವೇನು ಮಾಡ್ತೀವಿ? ಸಂಬಳ ಇಲ್ಲದ ಹೈಕಮಾಂಡ್ ಆಗ್ತೀವಿ. ನನಗೆ ಯಾರು ಬೇಕು ಅಂತ ಕೇಳಿದರೆ, ಅವರಿಗೆ ಯಾರು ಬೇಕಾಗಬಹುದು ಅಂತ ಉತ್ತರ ಕೊಡ್ತೀವಿ. ಆ 'ಅವರು' ಕೂಡ ಇನ್ನೆಲ್ಲೋ ಕೂತು ನಮ್ಮ ಬಗ್ಗೆ ಇದೇ ಲೆಕ್ಕ ಹಾಕ್ತಿರ್ತಾರೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಅಯೋವಾ ಪುರಾಣ ಹಳೇ ಸ್ನೇಹಿತರಿಗೆ ಗೊತ್ತು, ಸಹಿಸಿಕೊಳ್ಳಿ.

ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಇದ್ದ ಕಾಲ. ಇವರದು ಕೆಲಸದ ವೀಸಾ ಎಚ್-ಒನ್, ನನ್ನದು ಹೆಂಡತಿಗೆ ಕೊಡೋ ಎಚ್-ಫೋರ್. ಕೆಲಸ ಮಾಡೋ ಹಾಗಿಲ್ಲ, ಓಟಂತೂ ದೂರದ ಮಾತು. ಇರಾಕ್ ಯುದ್ಧ ಶುರುವಾಗಿತ್ತು. ಹೇಳಿಬಿಡ್ತೀನಿ, ಆಗ ಯುದ್ಧದ ಬಗ್ಗೆ ಯಾರು ಏನು ಕೇಳಿದರೂ ನಾನು ನಕ್ಕು ಸುಮ್ನಾಗುತ್ತಿದ್ದೆ. ವೀಸಾದ ಮೇಲಿದ್ದೋರಿಗೆ, ಅದೂ ನಮ್ಮ ಬಣ್ಣದೋರಿಗೆ, ಆಗ ಅಭಿಪ್ರಾಯ ಇಟ್ಟುಕೊಳ್ಳೋಕೂ ಹೆದರಿಕೆ. ಕಾರಿನ ಕಿಟಕಿಗೆ ಇವರು ಪುಟ್ಟ ಅಮೆರಿಕನ್ ಬಾವುಟ ಸಿಕ್ಕಿಸಿದ್ದರು. ದೇಶಭಕ್ತಿಗಲ್ಲ, ರಕ್ಷೆಗೆ.

ಮಾತಾಡೋಕೆ ಧೈರ್ಯ ಬರುತ್ತಿದ್ದದ್ದು ಪಕ್ಕದ ಮನೆ ಅಜ್ಜಿಯ ಹತ್ತಿರ ಮಾತ್ರ. ರಿಟೈರ್ಡ್ ಸ್ಕೂಲ್ ಟೀಚರ್. ಅವರ ತಂಗಿಯ ಮೊಮ್ಮಗ ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಸೇನೆಯಲ್ಲಿದ್ದ, ಇರಾಕಿಗೆ ಹೋಗಿದ್ದ. ಅವನು ಕ್ಷೇಮವಾಗಿ ಬರಲಿ ಅಂತ ಮನೆ ಮುಂದಿನ ಮರಕ್ಕೆ ಹಳದಿ ರಿಬ್ಬನ್ ಕಟ್ಟಿದ್ದರು. 2003ರ ಮೇ 1ರಂದು ಆಗಿನ ಅಧ್ಯಕ್ಷ ಬುಷ್ ಸಾಹೇಬರು ಪೈಲಟ್ ಉಡುಪು ತೊಟ್ಟು ಅಬ್ರಹಾಂ ಲಿಂಕನ್ ಅನ್ನೋ ಯುದ್ಧನೌಕೆ ಮೇಲೆ ಇಳಿದರಲ್ಲ, ಹಿಂದೆ 'ಕಾರ್ಯ ಮುಗೀತು' ಅಂತ ದೊಡ್ಡ ಬ್ಯಾನರ್ ಕಟ್ಟಿಸಿಕೊಂಡು? ಅಜ್ಜಿಗೆ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿ. "ಮುಗಿದಿದ್ದರೆ ನಮ್ಮ ಹುಡುಗ ಯಾಕೆ ಇನ್ನೂ ಅಲ್ಲಿದ್ದಾನೆ?" ಅನ್ನೋರು. ಸಮೂಹನಾಶದ ಅಸ್ತ್ರ ಇದೆ ಅಂತ ಹೋದರು, ಅದರ ಸುಳಿವೇ ಇಲ್ಲ. 2004ರ ಜನವರಿ ಹೊತ್ತಿಗೆ ಸತ್ತ ಅಮೆರಿಕನ್ ಸೈನಿಕರ ಲೆಕ್ಕ 500 ಮುಟ್ಟಿತ್ತು.

ಬುಷ್ ವಿರುದ್ಧ ನಿಲ್ಲೋಕೆ ಡೆಮಾಕ್ರಟಿಕ್ ಪಕ್ಷದಲ್ಲಿ ದೊಡ್ಡ ಸಾಲೇ ಇತ್ತು. ಜಾನ್ ಕೆರಿ, ಜಾನ್ ಎಡ್ವರ್ಡ್ಸ್, ಡಿಕ್ ಗೆಪ್‌ಹಾರ್ಟ್, ಜೋ ಲೀಬರ್‌ಮನ್, ಈ ನಾಲ್ವರೂ 2002ರ ಅಕ್ಟೋಬರ್‌ನಲ್ಲಿ ಬುಷ್‌ಗೆ ಯುದ್ಧದ ಅಧಿಕಾರ ಕೊಡೋ ನಿರ್ಣಯಕ್ಕೆ ಕೈ ಎತ್ತಿದವರು. ಸೆನೆಟ್‌ನಲ್ಲಿ ಅದು 77-23ರಲ್ಲಿ ಪಾಸಾಗಿತ್ತು. ಮೊದಲಿಂದಲೂ ಬೇಡ ಅಂತ ಗಟ್ಟಿಯಾಗಿ ಹೇಳಿ ಜನ ಸೇರಿಸಿದ್ದು ವರ್ಮಾಂಟ್‌ನ ಮಾಜಿ ಗವರ್ನರ್ ಹೋವರ್ಡ್ ಡೀನ್. ಇನ್ನೊಬ್ಬ ಅಭ್ಯರ್ಥಿ ಕುಸಿನಿಚ್ ಕೂಡ ವಿರೋಧಿಸಿದ್ದರು, ಆದರೆ ಅವರ ಹಿಂದೆ ಜನ ಕಮ್ಮಿ. ಅಜ್ಜಿ ವರ್ಷವೆಲ್ಲ ಡೀನ್ ಡೀನ್ ಅಂತ ಜಪ ಮಾಡುತ್ತಿದ್ದರು. ಬೇರೆ ರಾಜ್ಯಗಳ ಡೀನ್ ಅಭಿಮಾನಿಗಳು ಅಯೋವಾ ಮತದಾರರಿಗೆ ಕೈಯಲ್ಲೇ ಕಾಗದ ಬರೆದು ಕಳಿಸುತ್ತಿದ್ದರು. ಅಜ್ಜಿಗೂ ಬಂದಿತ್ತು. ಫ್ರಿಜ್ ಮೇಲೆ ಅಂಟಿಸಿದ್ದರು, ಸ್ಪೆಲ್ಲಿಂಗ್ ತಪ್ಪಿಗೆ ಕೆಂಪು ಪೆನ್ನಲ್ಲಿ ಗೀಟು ಹಾಕಿ.

ಜನವರಿ 19, ಸೋಮವಾರ, ಕಾಕಸ್ ದಿನ. ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷದವರು ಪ್ರೈಮರಿ ಬದಲು ನಡೆಸುತ್ತಿದ್ದ ಕಾಕಸ್ ಆಗ ಗುಟ್ಟಿನ ಮತದಾನ ಆಗಿರಲಿಲ್ಲ. ಬೂತಿನ ಜನರೆಲ್ಲ ಸಂಜೆ ಒಂದು ಕಡೆ ಸೇರಿ, ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ತಲೆ ಎಣಿಸುತ್ತಿದ್ದರು. ಸಾಮಾನ್ಯವಾಗಿ ನೂರಕ್ಕೆ ಹದಿನೈದು ಜನ ಇಲ್ಲದ ಗುಂಪು ಒಡೆದು ಬೇರೆ ಗುಂಪಿಗೆ ಸೇರಬೇಕಿತ್ತು. ಓಟಿಲ್ಲದವರು ಬದಿಯಲ್ಲಿ ಕೂತು ನೋಡಬಹುದಿತ್ತು. ಅಜ್ಜಿಗೆ ಮಂಜಿನಲ್ಲಿ ನಡೆಯೋಕೆ ಕಷ್ಟ ಅಂತ ನಾನೂ ಜೊತೆಗೆ ಹೋದೆ.

ಸ್ಕೂಲಿನ ಊಟದ ಹಾಲ್. ಮಕ್ಕಳು ಕೂರೋ ಗಿಡ್ಡ ಬೆಂಚು. ನೆಲದ ತುಂಬ ಬೂಟಿನಿಂದ ಕರಗಿದ ಮಂಜಿನ ನೀರು. ಕಿತ್ತಳೆ ಬಣ್ಣದ ಉಣ್ಣೆ ಟೋಪಿ ಹಾಕಿದ ಡೀನ್ ಹುಡುಗರು, ಹಳದಿ ಅಕ್ಷರದ ಟೀಶರ್ಟಿನಲ್ಲಿ ಕೆರಿ ಕಡೆಯ ಅಗ್ನಿಶಾಮಕದವರು. ಅಧ್ಯಕ್ಷತೆ ವಹಿಸಿದವರು "ಈಗ ನಿಮ್ಮ ನಿಮ್ಮ ಗುಂಪಿಗೆ ಹೋಗಿ" ಅಂದರು. ಅಜ್ಜಿ ಕೋಟಿನ ಗುಂಡಿ ಹಾಕಿಕೊಂಡು, ಕೈಚೀಲ ತಗೊಂಡು, ಸೀದಾ ಕೆರಿ ಮೂಲೆಗೆ ನಡೆದರು.

ನನಗೆ ದಿಗಿಲು. ದಾರಿ ತಪ್ಪಿದರೇನೋ ಅಂದುಕೊಂಡು ಹತ್ತಿರ ಹೋಗಿ ಕೇಳಿದೆ. "ನನಗೆ ಡೀನೇ ಇಷ್ಟ. ಆದರೆ ನನ್ನ ತಮ್ಮನಂಥೋರು ಡೀನ್‌ಗೆ ಹಾಕಲ್ಲ. ಕೆರಿ ವಿಯೆಟ್ನಾಂನಲ್ಲಿ ಹೋರಾಡಿದೋರು, ಪದಕ ಇದೆ. ಯುದ್ಧದ ಅಧ್ಯಕ್ಷನ ಮುಂದೆ ಯೋಧನನ್ನೇ ನಿಲ್ಲಿಸಬೇಕು" ಅಂದರು. ಪಕ್ಕದಲ್ಲಿದ್ದ ಹೆಂಗಸು ತಲೆಯಾಡಿಸಿದಳು. ತನ್ನದೂ ಅದೇ ಲೆಕ್ಕ, ತನ್ನ ಮಾವನಿಗೋಸ್ಕರ ಅಂದಳು. ಅವಳ ಹಿಂದಿನವನದು ತನ್ನ ಬಾಸ್‌ಗೋಸ್ಕರ. ಆ ಮೂಲೆಯಲ್ಲಿ ನಾನು ಮಾತಾಡಿಸಿದವರಲ್ಲಿ ತನಗೋಸ್ಕರ ನಿಂತವರು ಒಬ್ಬರೂ ಸಿಗಲಿಲ್ಲ! ಅವರ ತಮ್ಮ, ಮಾವ, ಬಾಸ್ ಯಾರೂ ಆ ಹಾಲ್‌ನಲ್ಲಿ ಇರಲಿಲ್ಲ. ಇಲ್ಲದವರ ಓಟನ್ನು ಇದ್ದವರು ಹಾಕುತ್ತಿದ್ದರು.

ಇಡೀ ಅಯೋವಾದ ಫಲಿತಾಂಶ, ನೂರಕ್ಕೆ: ಕೆರಿ 38, ಎಡ್ವರ್ಡ್ಸ್ 32, ಡೀನ್ 18, ಗೆಪ್‌ಹಾರ್ಟ್ 11. ಒಳಗೆ ಹೋಗುವಾಗ ನಡೆಸಿದ ಸಮೀಕ್ಷೆಯಲ್ಲಿ ಅಂದು ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಯುದ್ಧ ಒಪ್ಪಲ್ಲ ಅಂದಿದ್ದರು. ಯುದ್ಧ ಒಪ್ಪದವರು ಸೇರಿ, ಯುದ್ಧಕ್ಕೆ ಕೈ ಎತ್ತಿದ ಇಬ್ಬರನ್ನು ಮೊದಲ ಎರಡು ಸ್ಥಾನಕ್ಕೆ ಏರಿಸಿದರು. ಇದಕ್ಕೆ ಜಾಣತನ ಅಂತ ಹೆಸರು.

ಡೀನ್ ಅಂದ ತಕ್ಷಣ ಈಗ ಎಲ್ಲರಿಗೂ ಆ ರಾತ್ರಿ ವೇದಿಕೆ ಮೇಲೆ ಕಿರುಚಿದ್ದು ನೆನಪಾಗುತ್ತೆ. ನಿನ್ನೆಯೂ ಒಬ್ಬರು "ಕಿರುಚಿ ಸೋತನಲ್ಲ ಅವನು" ಅಂದರು. ಕಿರುಚಿ ಸೋತಿದ್ದಲ್ಲ ಸ್ವಾಮಿ, ಅಯೋವಾದಲ್ಲಿ ಸೋತ ಮೇಲೆ ಕಿರುಚಿದ್ದು. ಆತನಿಗೂ ಬಾಯಿ ಮೇಲೆ ಹಿಡಿತ ಕಮ್ಮಿ, ಒಪ್ಪಿಕೊಳ್ತೀನಿ. ಸದ್ದಾಂ ಸಿಕ್ಕಿಬಿದ್ದಾಗ "ಇದರಿಂದ ಅಮೆರಿಕ ಏನೂ ಹೆಚ್ಚು ಸುರಕ್ಷಿತ ಆಗಿಲ್ಲ" ಅಂದುಬಿಟ್ಟರು. ಎಲ್ಲರೂ ಮೇಲೆ ಬಿದ್ದರು, ಇವರಿಗೆ ಅಧ್ಯಕ್ಷರಾಗೋ ಯೋಗ್ಯತೆ ಇಲ್ಲ ಅಂತ. ಆಮೇಲಿನ ವರ್ಷಗಳನ್ನು ನೋಡಿದರೆ ಆ ಮಾತಲ್ಲಿ ಸುಳ್ಳೇನಿತ್ತು?

ಎಂಟು ದಿನಕ್ಕೆ ನ್ಯೂ ಹ್ಯಾಂಪ್‌ಶೈರ್, ಅಲ್ಲೂ ಕೆರಿ. ಆಗ ಒಂದು ಬ್ಯಾಡ್ಜ್ ಓಡಾಡುತ್ತಿತ್ತು, "ಸುತ್ತಾಡಿದ್ದು ಡೀನ್ ಜೊತೆ, ಮದುವೆ ಆದದ್ದು ಕೆರಿನ" ಅನ್ನೋ ಅರ್ಥದ್ದು. ಜನ ಅದನ್ನು ಹೆಮ್ಮೆಯಿಂದ ಚುಚ್ಚಿಕೊಂಡು ತಿರುಗಿದರು. ಅಪ್ಪ-ಅಮ್ಮ ನೋಡಿದ ಗಂಡನ್ನೇ ಕಟ್ಟಿಕೊಂಡವರ ಮಧ್ಯೆ ಬೆಳೆದ ನನಗೆ ಇದು ಹೊಸದೇನಲ್ಲ. ಆದರೆ ಇಲ್ಲಿ ಅಪ್ಪ-ಅಮ್ಮನೂ ಇವರೇ.

ನನಗೆ ಕೆರಿ ಮೇಲೆ ಕೋಪ ಇಲ್ಲ. 1971ರಲ್ಲಿ, 27ರ ವಯಸ್ಸಿನಲ್ಲಿ, ವಿಯೆಟ್ನಾಂನಿಂದ ಬಂದು ಸೆನೆಟ್ ಸಮಿತಿ ಮುಂದೆ ಕೂತು, ಒಂದು ತಪ್ಪಿಗಾಗಿ ಸಾಯೋ ಕೊನೆಯವನು ನೀನಾಗು ಅಂತ ಒಬ್ಬ ಮನುಷ್ಯನಿಗೆ ಹೇಗೆ ಹೇಳ್ತೀರಿ ಅಂತ ಕೇಳಿದವರು ಅವರು. ಅಂಥ ಪ್ರಶ್ನೆ ಕೇಳೋಕೆ ಎದೆಗಾರಿಕೆ ಬೇಕು. ಆದರೆ 2004ರ ಲೆಕ್ಕಾಚಾರದವರಿಗೆ ಬೇಕಾದದ್ದು ಆ ಹುಡುಗನ ಪದಕ, ಅವನ ಪ್ರಶ್ನೆ ಅಲ್ಲ. ಇರಾಕ್ ಯುದ್ಧ ಸರಿಯೋ ತಪ್ಪೋ ಅನ್ನೋದು ಪಕ್ಕಕ್ಕೆ ಹೋಗಿ, ಯಾರ ಎದೆ ಮೇಲೆ ಏನಿದೆ ಅನ್ನೋದು ಚರ್ಚೆ ಆಯಿತು. ಕೊನೆಗೆ ಪಕ್ಷದ ಅಭ್ಯರ್ಥಿಯಾದ ಕೆರಿ, ಬಾಸ್ಟನ್ ಸಮಾವೇಶದಲ್ಲಿ ಪಾಪ ಸೆಲ್ಯೂಟ್ ಹೊಡೆದು "ಡ್ಯೂಟಿಗೆ ಹಾಜರಾಗಿದ್ದೇನೆ" ಅಂದರು.

ಆಮೇಲೆ ಆದದ್ದು ನೋಡಿ. ಯುದ್ಧಕ್ಕೆ 87 ಬಿಲಿಯನ್ ಡಾಲರ್ ಕೊಡೋ ಮಸೂದೆ ಬಗ್ಗೆ, "ವಿರುದ್ಧ ಹಾಕೋ ಮುಂಚೆ ಪರವಾಗೇ ಹಾಕಿದ್ದೆ" ಅಂದರು. ಬುಷ್ ಕಡೆಯವರು ಆ ವಾಕ್ಯವನ್ನು ಜಾಹೀರಾತು ಮಾಡಿ ಆಡಿದ್ದೇ ಆಡಿದ್ದು. ಆಗಸ್ಟ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಪತ್ರಕರ್ತರು, ಈಗ ಗೊತ್ತಿರೋದೆಲ್ಲ ಆಗ ಗೊತ್ತಿದ್ದರೂ ಅಧಿಕಾರ ಕೊಡ್ತಿದ್ರಾ ಅಂತ ಕೇಳಿದರು. ಹೌದು ಅಂದರು. ಅಷ್ಟೇ. ಬುಷ್ ತಮ್ಮ ಯುದ್ಧದ ಬಗ್ಗೆ ಉತ್ತರ ಕೊಡಬೇಕಾದ ಚುನಾವಣೆಯಲ್ಲಿ ಎದುರಾಳಿ ಉತ್ತರ ಕೊಡುತ್ತಾ ನಿಂತರು. ಇನ್ನು ಪದಕ? ಅದೇ ಆಗಸ್ಟ್‌ನಲ್ಲಿ 'ಸ್ವಿಫ್ಟ್ ಬೋಟ್' ಅನ್ನೋ, ಕೆರಿ ವಿರೋಧಿ ಮಾಜಿ ಯೋಧರ ಗುಂಪಿನವರು ಟೀವಿಯಲ್ಲಿ ಆ ಪದಕಗಳಿಗೇ ಕೆಸರು ಎರಚಿದರು. ಬಿಡದೆ 1971ರ ಆ ಸಾಕ್ಷ್ಯಕ್ಕೂ ಎರಚಿದರು. ವಿಯೆಟ್ನಾಂಗೆ ಹೋಗದೆ ಟೆಕ್ಸಾಸ್‌ನ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಇದ್ದ ಬುಷ್ ಆರಾಮಾಗಿದ್ದರು. ನವೆಂಬರ್‌ನಲ್ಲಿ, ರಾಜ್ಯವಾರು ಸಿಗೋ ಎಲೆಕ್ಟೋರಲ್ ಮತಗಳಲ್ಲಿ, 286-251ರಲ್ಲಿ ಗೆದ್ದರು. ಕೊನೆಗೆ ಕೈ ಕೊಟ್ಟದ್ದು ಒಹಾಯೋ! ಯಾವ ಒಹಾಯೋದವರನ್ನು ಮೆಚ್ಚಿಸೋಕೆ ಇಷ್ಟೆಲ್ಲ ಲೆಕ್ಕ ಹಾಕಿದ್ದರೋ ಅದೇ.

"ಡೀನ್ ನಿಂತಿದ್ದರೆ ಇನ್ನೂ ಹೀನಾಯವಾಗಿ ಸೋಲ್ತಿದ್ದರು" ಅಂತ ಈಗಲೇ ಯಾರೋ ಕಮೆಂಟ್ ಟೈಪ್ ಮಾಡ್ತಿರ್ತೀರಿ. ಇರಬಹುದು ಮಾರಾಯ್ರೇ. ಸೋಲೋದೇ ಆಗಿದ್ದರೆ ಯುದ್ಧ ಬೇಡ ಅಂತ ಬಾಯಿ ಬಿಟ್ಟು ಹೇಳಿ ಸೋಲಬಹುದಿತ್ತಲ್ಲ? "2020ರಲ್ಲಿ ಬೈಡನ್ ಗೆಲ್ತಾರೆ ಅಂತಾನೇ ಆರಿಸಿದ್ದು, ಗೆದ್ದರಲ್ಲ" ಅಂತ ನಿನ್ನೆ ಹಾಸನದವರು ಮೇಜು ಕುಟ್ಟಿದರು. ಗಿಳಿಶಾಸ್ತ್ರದವನು ಹೇಳಿದ್ದೂ ಒಂದೊಂದು ಸಲ ನಿಜ ಆಗುತ್ತೆ, ಅದಕ್ಕೆ ಗಿಳಿ ಕೇಳಿ ಮದುವೆ ಮಾಡ್ತೀವಾ? 2008 ಯಾಕೆ ಮರೀತೀರಿ? 2002ರಲ್ಲೇ ಷಿಕಾಗೋದಲ್ಲಿ ನಿಂತು ಇದು ಪೆದ್ದು ಯುದ್ಧ ಅಂದಿದ್ದರು ಒಬ್ಬರು. ಕಪ್ಪು ಬಣ್ಣ, ನಡುವಿನ ಹೆಸರು ಹುಸೇನ್. ಗೆಲ್ಲೋ ಕುದುರೆ ಪಟ್ಟಿಯಲ್ಲಿ ಅಂಥವರಿಗೆ ಜಾಗ ಎಲ್ಲಿ? ಅದೇ ಅಯೋವಾದ ಜನ ಅದೇ ಥರದ ಹಾಲ್‌ಗಳಲ್ಲಿ ಒಬಾಮಾ ಮೂಲೆಗೆ ಹೋಗಿ ನಿಂತರು. ಯುದ್ಧಕ್ಕೆ ಕೈ ಎತ್ತಿದ್ದ ಹಿಲರಿ ಅಲ್ಲಿ ಮೂರನೆಯವರಾದರು. ಒಬಾಮಾ ಒಹಾಯೋವನ್ನೂ ಗೆದ್ದರು.

ಆದರೂ ಬುದ್ಧಿ ಬರಲಿಲ್ಲ. 2004ರಲ್ಲಿ ಕೆರಿ, 2016ರಲ್ಲಿ ಹಿಲರಿ, 2020ರಲ್ಲಿ ಬೈಡನ್, ಮೂವರೂ ಆ 77ರಲ್ಲಿ ಸೇರಿದವರು. ಈಗ ಯಾರನ್ನು ಕೇಳಿದರೂ ಇರಾಕ್ ಯುದ್ಧಕ್ಕೆ ತಾವು ಮೊದಲಿಂದಲೂ ವಿರೋಧ ಅಂತಾರೆ. ಎಲ್ಲರೂ ವಿರೋಧ ಇದ್ದು ಅದು ನಡೆದದ್ದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನನಗೆ ಈಗ ಓಟಿದೆ. ನಾನಿರೋ ನ್ಯೂಜೆರ್ಸಿಯಲ್ಲಿ ಪ್ರೈಮರಿ ಬರೋದು ಜೂನ್‌ನಲ್ಲಿ. ಸಾಮಾನ್ಯವಾಗಿ ಅಷ್ಟೊತ್ತಿಗೆ ಎಲ್ಲ ಮುಗಿದು ಎಲೆ ಎತ್ತಿರ್ತಾರೆ. ಅಂದರೆ ನಮ್ಮ ಓಟಿನಿಂದ ಯಾರೂ ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಅಲ್ಲಿ ಕೂಡ ಇಷ್ಟ ಬಂದವರಿಗೆ ಹಾಕೋಕೆ ನಮ್ಮವರಿಗೆ ಭಯ! ಯಾರ ಭಯ ರೀ?

ಇನ್ನು 1972ರ ಡೆಮಾಕ್ರಟಿಕ್ ಅಭ್ಯರ್ಥಿ ಮೆಗವರ್ನ್ ಕಥೆ ಹೇಳೋಕೆ ಬರೋರಿಗೆ ಮೊದಲೇ ಹೇಳಿಬಿಡ್ತೀನಿ, ಗೊತ್ತು. ವಿಯೆಟ್ನಾಂ ಯುದ್ಧ ನಿಲ್ಲಿಸ್ತೀನಿ ಅಂತ ನಿಂತು 49 ರಾಜ್ಯ ಸೋತರು. ವಾಷಿಂಗ್ಟನ್ ಡಿ.ಸಿ. ಬಿಟ್ಟರೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಒಂದೇ. ಗೆದ್ದ ನಿಕ್ಸನ್ ಎರಡು ವರ್ಷ ತುಂಬೋದರೊಳಗೆ ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಆಗ ಮ್ಯಾಸಚೂಸೆಟ್ಸ್‌ನ ಕಾರುಗಳ ಹಿಂದೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುತ್ತಿದ್ದರಂತೆ: "ನನ್ನನ್ನು ಬೈಬೇಡಿ, ನಾನು ಮ್ಯಾಸಚೂಸೆಟ್ಸ್‌ನವನು." ಅಂಥದ್ದೊಂದು ಕನ್ನಡದಲ್ಲಿ ಪ್ರಿಂಟ್ ಹಾಕಿಸಿಕೊಡೋರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ದುಡ್ಡು ನಾನೇ ಕೊಡ್ತೀನಿ.